ಹಿನ್ನೀರಿನ ದಂಡೆಯಲ್ಲಿ ಹೆಸರು ಕರೆಯಬಾರದು

ಮಟಮಟ ಮಧ್ಯಾಹ್ನ. ಹಿನ್ನೀರು ಒಂದಿಷ್ಟೂ ಅಲ್ಲಾಡದೆ ಬಿದ್ದಿತ್ತು. ದಂಡೆಯ ಬಂಡೆಯ ಮೇಲೆ ಒಬ್ಬ ಗಾಳ ಹಾಕಿಕೊಂಡು ಕುಳಿತಿದ್ದ. ನಾನು ಹಿಂದಿನಿಂದ ಹೋಗಿ, "ಇಲ್ಲಿ ಮೀನು ಛಲೋ ಸಿಗತಾವೇನ್ರಿ?" ಎಂದೆ. ಅವನು ಬೆಚ್ಚಿಬಿದ್ದು ತಿರುಗಿದ.

"ನನ್ನ ಕೇಳಿದ್ರೇನ್ರಿ?"

"ಮತ್ತ ಯಾರನ್ನ ಕೇಳ್ಲಿ, ಈ ಕಲ್ಲನ್ನೇನ್ರಿ?"

ಅವನು ನೋಡಿದ. ಮನುಷ್ಯರನ್ನು ನೋಡುವ ಅಭ್ಯಾಸ ತಪ್ಪಿಹೋದವನ ನೋಟ ಅದು. ಮೊದಲು ನನ್ನ ಚಪ್ಪಲಿ, ಆಮೇಲೆ ಕೈಯಲ್ಲಿದ್ದ ನೋಟ್‌ಬುಕ್ಕು, ಕಡೆಗೆ ಹೇಗೋ ಧೈರ್ಯ ಮಾಡಿ ಕಣ್ಣು. ಕಣ್ಣಿಗೆ ಬಂದ ಮೇಲೆ ಮಾತ್ರ ಅಲ್ಲಿಂದ ಕದಲಲಿಲ್ಲ. ಕಡೆಗೆ ನಾನೇ ನಾಚಿ ನೀರಿನ ಕಡೆ ತಿರುಗಬೇಕಾಯಿತು.

ನಾನು ಪ್ರಜ್ಞಾ. ಬೆಳಗಾವಿಯ ಒಂದು ಟೂರಿಸ್ಟ್ ಕಂಪನಿಯಲ್ಲಿ ಕೆಲಸ. ಸವದತ್ತಿ ತಾಲೂಕಿನಲ್ಲಿ ನವಿಲುತೀರ್ಥದ ಹಿನ್ನೀರಿನ ಸುತ್ತ ಇರುವ ಗಾರ್ಡನ್ನು, ಪಾರ್ಕು, ಗಾಳ ಹಾಕುವ ಜಾಗಗಳನ್ನೆಲ್ಲ ನೋಡಿ ಒಂದು ಪುಟ್ಟ ಗೈಡ್ ಬರೆದುಕೊಡಬೇಕಿತ್ತು. ನಾಲ್ಕು ದಿನದ ಕೆಲಸ. ದಂಡೆಯ ಮೇಲಿನ ಒಂದು ಸಣ್ಣ ಪೇಟೆಯೂರಲ್ಲಿ ಉಳಿದುಕೊಂಡಿದ್ದೆ. ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ಜಗಳಕ್ಕೆ ಬರುವವರಿದ್ದಾರೆ.

ಅಷ್ಟರಲ್ಲಿ ಗಾಳ ಜಗ್ಗಿತು. ಅಂಗೈಯಗಲದ ಮೀನು. ಅವನು ಮೆಲ್ಲಗೆ ಕೊಕ್ಕೆ ಬಿಡಿಸಿ, ಮೀನನ್ನು ನೀರಿಗೇ ಬಿಟ್ಟುಬಿಟ್ಟ.

"ಅಯ್ಯ, ಬಿಟ್ರಲ್ಲ!"

"ನಾವು ಲಿಂಗಾಯತರ ರೀ. ತಿನ್ನೂದಿಲ್ಲ."

"ಮತ್ತ ಹಿಡಿಯೂದ್ಯಾಕ?"

"ಬಿಡಾಕ."

ನಾನು ನಕ್ಕೆ. ಅವನು ನಗಲಿಲ್ಲ. ಗೈಡಿನಲ್ಲಿ ಹಾಕಲು ಹೆಸರು ಕೇಳಿದಾಗ ನೀರಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಶ್ರೀಶೈಲ. ಬರಕೋರಿ. ಆದ್ರ ಇಲ್ಲಿ ನಿಂತು ಜೋರಾಗಿ ಕರೀಬ್ಯಾಡ್ರಿ."

ಪಾರ್ಕಿನ ಗೇಟಿನ ಹತ್ತಿರ ಕೃಷ್ಣವ್ವನ ಚಹಾದಂಗಡಿ. ಅಲ್ಲಿಂದ ಆ ಬಂಡೆ ನೇರ ಕಾಣುತ್ತದೆ.

"ಯಾರ ಜೋಡಿ ಮಾತಾಡಾಕತ್ತಿದ್ದೆವ್ವಾ, ಒಬ್ಬಾಕಿನ ನಕ್ಕೋಂತ?" ಎಂದಳು ಕೃಷ್ಣವ್ವ.

"ಅವರ ಜೋಡಿ. ಆ ನೀಲಿ ಅಂಗಿ ಹಾಕ್ಕೊಂಡಾರಲ್ಲ."

ಕೃಷ್ಣವ್ವ ಬಂಡೆಯ ಕಡೆ ನೋಡಿದಳು. ಅವನು ಅಲ್ಲೇ ಇದ್ದ. ಬಿಸಿಲಿಗೆ ಅಂಗಿ ಎದ್ದು ಕಾಣುತ್ತಿತ್ತು. "ಅಲ್ಲಿ ಯಾರೂ ಇಲ್ಲವ್ವಾ," ಎಂದು ಅವಳು ಚಹಾ ಸೋಸತೊಡಗಿದಳು.

ಮತ್ತೆ ನೋಡಿದೆ. ಬಂಡೆ ಖಾಲಿಯಾಗಿತ್ತು.

ಮರುದಿನ ಅವನು ಮಾಯವಾಗಲಿಲ್ಲ. ಗಾಳ ಹಾಕುವ ಜಾಗ ಒಂದೊಂದನ್ನೂ ತೋರಿಸಿದ. ಗಾರ್ಡನ್ನಿನ ಹಿಂದಿನ ಮೆಟ್ಟಿಲು, ಮುಳುಗಿದ ಬೇವಿನ ಮರದ ತುದಿ, ಹಳೆಯ ರಸ್ತೆ ನೀರಿನೊಳಗೆ ಇಳಿದುಹೋಗುವ ತಿರುವು. ಬಜಾರಿನಲ್ಲಿ ಹಾಯುವಾಗ ಅವನು ಎದುರು ಸಿಕ್ಕವರಿಗೆಲ್ಲ ಶರಣು ಎಂದ. ಒಬ್ಬರೂ ಅವನ ಕಡೆ ತಿರುಗಲಿಲ್ಲ. ಒಬ್ಬ ತಾಯಿ ಕಂಕುಳಿನ ಕೂಸಿನ ಮುಖಕ್ಕೆ ಸೆರಗು ಮುಚ್ಚಿಕೊಂಡು ದಾಟಿಹೋದಳು.

"ಈ ಊರಾಗ ಎಲ್ಲಾರೂ ಕಿವುಡರೇನ್ರಿ?" ಎಂದೆ, ಹೆದರಿಕೆ ಮುಚ್ಚಿಕೊಳ್ಳಲು.

"ನನಗಷ್ಟ ಕಿವುಡರು," ಎಂದ ಶ್ರೀಶೈಲ. ಆ ಮಾತು ಹೇಳುವಾಗಲೂ ಅವನ ಕಣ್ಣು ನನ್ನ ಕಿವಿಯ ಜುಮಕಿಯ ಮೇಲಿತ್ತು. ಹೆದರಿಕೆಯ ನಡುವೆಯೂ ನಾನು ಅದನ್ನು ಗಮನಿಸಿದೆ. ಹೆಂಗಸರ ಬುದ್ಧಿ ಅನ್ನಿ ಬೇಕಾದರೆ.

ಮೂರನೇ ದಿನ ಹಿನ್ನೀರಿನ ಒಂದು ಚಂದದ ಫೋಟೋ ಬೇಕೆಂದು ಊರಾಚೆಯ ದಿಬ್ಬ ಹತ್ತಿದೆ. ಅದು ರುದ್ರಭೂಮಿ ಎಂದು ಹತ್ತಿದ ಮೇಲೆ ಗೊತ್ತಾಯಿತು. ತುದಿಯಲ್ಲಿ ಒಂದು ಕರಿಕಲ್ಲು. ಎದುರಿಗೆ ಎಲೆಯ ಮೇಲೆ ಎರಡು ರೊಟ್ಟಿ, ಬದನೆಕಾಯಿ ಪಲ್ಯ. ರೊಟ್ಟಿ ಇನ್ನೂ ಬೆಚ್ಚಗಿತ್ತು, ಸುತ್ತ ಯಾರೂ ಇರಲಿಲ್ಲ. ಕಲ್ಲಿನ ಮೇಲೆ "ಶ್ರೀಶೈಲ" ಎಂಬ ಹೆಸರು, ಆರು ವರ್ಷದ ಹಿಂದಿನ ಮಹಾಪೂರದ ತಾರೀಖು. ಅದರ ಮೇಲೆ ಕೂಡಿಸಿದ್ದ ಫೋಟೋದಲ್ಲಿ ಅವನೇ ಇದ್ದ.

"ಫೋಟೋ ಛಲೋ ಬಂದಿಲ್ಲ, ಹೌದಲ್ರಿ?"

ಬೆನ್ನ ಹಿಂದೆಯೇ ನಿಂತಿದ್ದ. ನನ್ನ ಕೈಯಿಂದ ಮೊಬೈಲು ಬಿತ್ತು. ಕಣ್ಣು ತಾನಾಗಿ ಅವನ ಪಾದಗಳ ಮೇಲೆ ಹೋಯಿತು. ಅವನಿಗೆ ಅರ್ಥವಾಯಿತು. ಒಂದೊಂದೇ ಕಾಲೆತ್ತಿ ತೋರಿಸಿದ. "ಮುಂದನ ಅದಾವ್ರಿ, ಹಿಂದಿಲ್ಲ. ಬೇಕಾರ ಕೈ ಮುಟ್ಟಿ ನೋಡ್ರಿ."

ಮುಟ್ಟಿದೆ. ಮಣಿಕಟ್ಟು ಬಿಸಿಯಾಗಿತ್ತು, ನಾಡಿ ಒಂದೇ ಸಮನೆ ಓಡುತ್ತಿತ್ತು.

"ಇಷ್ಟ್ಯಾಕ ಓಡಾಕತ್ತೈತಿ ಇದು?"

"ನೀವು ಹಿಡಕೊಂಡೀರಲ್ಲ, ಅದಕ್ಕ."

ಕೈ ಬಿಡಲು ನನಗೆ ನೆನಪಾಗಲಿಲ್ಲ. ಹಾಗೇ ನಿಂತು ಅವನು ಎಲ್ಲ ಹೇಳಿದ. ಮಹಾಪೂರದ ದಿನ ದನ ಬಿಡಿಸಲು ನೀರಿಗಿಳಿದಿದ್ದ. ಮೇಲಿನಿಂದ ಒಬ್ಬ ಅಪರಿಚಿತ ತೇಲಿಕೊಂಡು ಬಂದ. ಇವನು ಹಿಡಿದುಕೊಂಡ, ಇಬ್ಬರನ್ನೂ ಹೊಳೆ ಎಳೆದುಕೊಂಡು ಹೋಯಿತು. ಮೂರನೇ ದಿನ ಒಂದು ಹೆಣ ಸಿಕ್ಕಿತು. ಗುರುತು ಹತ್ತದಷ್ಟು ಮುಖ ಬಾತಿತ್ತು. ಮುಷ್ಟಿಯೊಳಗೆ ಮಾತ್ರ ಶ್ರೀಶೈಲ ಲಿಂಗ ಇಟ್ಟು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ ಬೆಳ್ಳಿಯ ಗುಂಡಗಡಗಿ ಇತ್ತು.

"ಕೊರಳಾಗಿನ ಲಿಂಗಾ ನಾವು ಜೀವ ಇರೂತನಕ ಇಳಸೂದಿಲ್ರಿ. ಮಣ್ಣ ಮಾಡುವಾಗೂ ಕೈಯಾಗ ಕೊಟ್ಟ ಮಣ್ಣ ಮಾಡ್ತಾರ. ಲಿಂಗಾ ಕೈಯಾಗ ಹಿಡಕೊಂಡ ಹೆಣಾ ಅಂದ್ರ ಅದು ನಂದ ಅಂತ ಊರ ಮಂದಿ ಹೇಳಿಬಿಟ್ರು."

ಅವನು ಬದುಕಿ ದಂಡೆ ಸೇರಿದ್ದ. ಆದರೆ ಊರಿಗೆ ಬರಲಿಲ್ಲ. ಕಾರವಾರದಲ್ಲಿ ಬೋಟಿನ ಕೆಲಸಕ್ಕೆ ಸೇರಿ ಏಳು ತಿಂಗಳ ಮೇಲೆ ಬಂದ. ಅಷ್ಟೊತ್ತಿಗೆ ಕಲ್ಲು ಎದ್ದು ನಿಂತಿತ್ತು. ಕ್ರಿಯೆ ಮುಗಿದವನನ್ನು ಕಂಡೆ ಎಂದವರ ಮನೆಯಲ್ಲಿ ಇನ್ನೊಂದು ಸಾವಾಗುತ್ತದೆ ಎಂದು ಯಾರೋ ಹೇಳಿದರಂತೆ. ಅಂದಿನಿಂದ ಅವ್ವನೊಬ್ಬಳನ್ನು ಬಿಟ್ಟರೆ ಅವನು ಯಾರ ಕಣ್ಣಿಗೂ ಕಾಣುವುದಿಲ್ಲ.

"ಏಳು ತಿಂಗಳು ಯಾಕ ಬರಲಿಲ್ಲ?" ಎಂದೆ. ಅವನು ಕೈ ಬಿಡಿಸಿಕೊಂಡು ದಿಬ್ಬ ಇಳಿದ.

ನಾಲ್ಕು ದಿನದ ಕೆಲಸ ಹನ್ನೊಂದು ದಿನವಾಯಿತು. ಆಫೀಸಿಗೆ ಫೋನ್ ಮಾಡಿ, ಜಾಗ ಬಹಳ ಇವೆ ಸರ್ ಎಂದು ಸುಳ್ಳು ಹೇಳಿದೆ. ಇದ್ದದ್ದು ಒಂದೇ ಜಾಗ, ಆ ಬಂಡೆ. ನಾನು ಗಾಳ ಹಾಕಲು ಕಲಿತೆ. ನನ್ನ ಕೈ ತಿದ್ದುವ ನೆಪದಲ್ಲಿ ಅವನ ಬೆರಳು ನನ್ನ ಬೆರಳಿನ ಮೇಲೆ ಬರುತ್ತಿತ್ತು. ತಿದ್ದುವುದು ಮುಗಿದರೂ ಹೋಗುತ್ತಿರಲಿಲ್ಲ. ಹಿಂದಿನಿಂದ ಕೃಷ್ಣವ್ವ ನನ್ನೊಬ್ಬಳನ್ನೇ ನೋಡಿ ತಲೆ ಅಲ್ಲಾಡಿಸುತ್ತಿದ್ದಳು.

ಒಂದು ಮಧ್ಯಾಹ್ನ ಅವನನ್ನು ಕಾಡಿಸಬೇಕೆನಿಸಿತು. ಬಂಡೆಯ ಮೇಲೆ ನಿಂತು ಗಟ್ಟಿಯಾಗಿ, "ಶ್ರೀಶೈಲಾ!" ಎಂದು ಕರೆದೆ.

"ಓ," ಎಂದಿತು ನೀರು.

ಶ್ರೀಶೈಲ ನನ್ನ ಪಕ್ಕದಲ್ಲೇ ಇದ್ದ, ಬಾಯಿ ಮುಚ್ಚಿಕೊಂಡು. ದನಿ ಅವನದಲ್ಲ, ವಯಸ್ಸಾದವರದು. ಆಚೆ ದಂಡೆಯ ಯಾವನೋ ಕುರುಬ ಇರಬಹುದು ಎಂದು ಈಗ ಅಂದುಕೊಳ್ಳುತ್ತೇನೆ. ಅವತ್ತು ಆಚೆ ದಂಡೆಯಲ್ಲಿ ಒಂದು ಕುರಿಯೂ ಇರಲಿಲ್ಲ.

ನಾನು ಅವನ ತೋಳು ಗಟ್ಟಿಯಾಗಿ ಹಿಡಿದುಕೊಂಡೆ. ಆ ಹೆದರಿಕೆಯಲ್ಲೇ ಹೇಳಿಬಿಟ್ಟೆ. "ನೀವಂದ್ರ ನನಗ ಜೀವ. ಇಲ್ಲಿಂದ ನಡೀರಿ ಬೆಳಗಾವಿಗೆ. ಲಗ್ನಾ ಆಗೂಣು."

ಅವನ ಕಣ್ಣು ತುಂಬಿತು. "ನನಗೂ ಜೀವ. ಆದ್ರ ಈ ಜೀವಾ ನಂದಲ್ಲ, ಪ್ರಜ್ಞಾ. ಹೊಳ್ಯಾಗ ತೇಲಿಬಂದಾಂವ ನನ್ನ ಲಿಂಗದ ಶಿವದಾರಾ ಹಿಡಕೊಂಡು ಜೋತುಬಿದ್ದಿದ್ದ. ನಾನೂ ಮುಳಗಾಕತ್ತಿದ್ನಿ. ದಾರಾ ತಾನಾಗಿ ಹರೀಲಿಲ್ಲ. ನಾನ ಹರದೆ, ಹಲ್ಲಿಲೆ ಕಡದು. ಒಬ್ಬ ಮನಷ್ಯಾನ್ನ ಮುಳಗಿಸಿ ಬಂದಾಂವಗ ಹೆಂಡ್ತಿ, ಮನಿ ಎಲ್ಲೀದು? ಸತ್ತಾಂವ ಅಂತ ಊರು ಅಂದದ್ದ ಖರೆ."

ಏಳು ತಿಂಗಳು ಯಾಕೆ ಬರಲಿಲ್ಲ ಎಂಬುದಕ್ಕೆ ಉತ್ತರ ಸಿಕ್ಕಿತು. ನನಗೆ ಸಿಟ್ಟು ಬಂತು, ಅವನ ಮೇಲಲ್ಲ, ಆ ಕಲ್ಲಿನ ಮೇಲೆ. ಅಳುತ್ತ ನೆಟ್ಟಗೆ ಅವನ ಮನೆಗೆ ಹೋದೆ. ಅವನು ಹಿಂದೆ ಹಿಂದೆ ಬಂದ.

ಅವನ ತಾಯಿ ಗುರುಬಸವ್ವ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಒಂದು ತಾಟು, ಒಂದು ಬಾಳೆಎಲೆ. ಎಲೆ ಯಾರಿಗೆಂದು ನನಗೆ ಗೊತ್ತಾಯಿತು.

"ಯವ್ವಾ, ನಿಮ್ಮ ಮಗನ್ನ ನನಗ ಕೊಡ್ರಿ. ಆ ಗೋರಿಯಿಂದ ಬಿಡಿಸಿ ಕೊಡ್ರಿ," ಎಂದೆ. ಶಿವದಾರದ ವಿಷಯವನ್ನೂ ಹೇಳಿದೆ. ಹೇಳಬಾರದಿತ್ತೇನೋ, ಬಾಯಿ ತಡೆಯಲಿಲ್ಲ.

ಗುರುಬಸವ್ವ ಹೆಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿದಳು. ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ ಮಗನನ್ನು ನೋಡಿದಳು.

"ಆರು ವರ್ಷ ಇದನ್ನೊಬ್ಬಾಂವನ ಹೊತ್ಕೊಂಡ ತಿರಗಿದೇನೋ, ಎಪ್ಪಾ? ನಂದೊಂದು ಕೇಳು. ಆ ಹೆಣದ ಮೈ ತೊಳದಾಕಿ ನಾನು. ನಿನ್ನ ಬೆನ್ನ ಮ್ಯಾಲೆ ಎತ್ತು ಹಾದ ಗಾಯದ ಕಲಿ ಐತಿ. ಅಂವಗ ಇರಲಿಲ್ಲ. ನನ್ನ ಮಗ ಅಲ್ಲ ಅಂತ ಅವತ್ತ ಗೊತ್ತಿತ್ತು ನನಗ."

"ಮತ್ತ ಯಾಕ ಹೇಳ್ಲಿಲ್ಲಬೇ?" ಶ್ರೀಶೈಲನ ದನಿ ಸಣ್ಣದಾಗಿತ್ತು.

"ಹೇಳಿದ್ರ ಅಂವ ದಿಕ್ಕಿಲ್ಲದ ಹೆಣಾ ಆಗತಿದ್ದ. ನೀನೂ ಹೆಣಾ ಆಗಿ ಎಲ್ಲೋ ಒಂದ ದಂಡೀಗೆ ಹತ್ತಿರತೀದಿ ಅನ್ಕೊಂಡ್ನಿ. ಅಲ್ಲಿ ಯಾರರೆ ಒಬ್ಬಾಕಿ ಇಂವ ನನ್ನ ಮಗ ಅಂತ ಸುಳ್ಳು ಹೇಳಿ ನಿನಗ ನೀರು ಹಾಕಲಿ ಅಂತ, ಇಲ್ಲಿ ನಾ ಅಂವಗ ಹಾಕಿದ್ನಿ. ಅವತ್ತಿಂದ ಅಂವ ನನ್ನ ಹಿರೇ ಮಗ."

ಶ್ರೀಶೈಲಾ ಎಂದಾಗ ನೀರಿನಿಂದ ಓಗೊಟ್ಟ ಆ ದನಿ ನನಗೆ ನೆನಪಾಯಿತು. ನಾನೇ ಹೇಳಿದೆ, "ನಾವು ಬೌದ್ಧರು, ಯವ್ವಾ. ಮೊದಲ ಹೇಳಿಬಿಡತೇನಿ."

"ಅಂವಂದು ಯಾವ ಜಾತಿ ಅಂತ ಕೇಳದ ಮಗಾ ಅಂದೇನಿ. ಈಗ ನಿನ್ನ ಕೇಳಿದ್ರ ಅಂವ ನಗತಾನು," ಎಂದಳು ಗುರುಬಸವ್ವ. "ಆದ್ರ ತಂಗಿ, ಹಿರೇ ಮಗನ ಮನಿಯವರಿಗೆ ಒಂದ ಮಾತು ತಿಳಸದ ಸಣ್ಣಾಂವನ ಲಗ್ನಾ ಹೆಂಗ ಮಾಡ್ಲಿ?"

ಆಗ ಶ್ರೀಶೈಲ, ಆರು ವರ್ಷ ಯಾರಿಗೂ ಹೇಳದ ಇನ್ನೊಂದು ಮಾತು ಹೇಳಿದ. "ಮುಳಗೂ ಮುಂದ ಅಂವ ಒಂದ ಹೆಸರು ಕೂಗಿದಬೇ. ಬಾಯವ್ವಾ ಅಂದ."

ಮರುದಿನ ನಾವಿಬ್ಬರೂ ಬೈಕಿನ ಮೇಲೆ ಹೊಳೆಯ ಗುಂಟ ಮೇಲಕ್ಕೆ ಹೊರಟೆವು. ಬೈಲಹೊಂಗಲದ ಕಡೆಯ ಊರೂರಲ್ಲಿ ನಿಲ್ಲಿಸಿ, ಮಹಾಪೂರದಲ್ಲಿ ಯಾರಾದರೂ ಹೋದರೇ, ಮನೆಯಲ್ಲಿ ಬಾಯವ್ವ ಅಂತ ಇದ್ದಾರೆಯೇ ಎಂದು ಕೇಳಿದೆವು. ಸಂಗೊಳ್ಳಿ ದಾಟಿದ ಮೇಲೆ ಒಂದು ಊರಲ್ಲಿ ಒಬ್ಬ ಮುದುಕ, ಗಂಡ ಹೊಳೆಗೆ ಹೋದವಳ ಮನೆ ಎಂದು ಓಣಿಯ ಕೊನೆಯ ಮನೆ ತೋರಿಸಿದ.

ಬಾಗಿಲು ತೆರೆದೇ ಇತ್ತು. ಒಬ್ಬ ಹೆಂಗಸು ಜೋಳ ಹಸನು ಮಾಡುತ್ತ ಕುಳಿತಿದ್ದಳು. ಹಣೆಯ ತುಂಬ ಕುಂಕುಮ, ಮುಂಗೈ ತುಂಬ ಹಸಿರು ಬಳೆ. ಹೆಣ ಸಿಗದ ಗಂಡನನ್ನು ಇವಳು ಆರು ವರ್ಷ ಬದುಕಿಸಿ ಇಟ್ಟುಕೊಂಡಿದ್ದಾಳೆ. ನಾವು ಅವನನ್ನು ಕೊಲ್ಲಲು ಬಂದಿದ್ದೇವೆ. ಶ್ರೀಶೈಲನ ಅಂಗಿ ಹಿಡಿದು ಹಿಂದಕ್ಕೆ ಎಳೆದೆ. ಅವನು ನಿಲ್ಲಲಿಲ್ಲ.

"ನಾ ಶ್ರೀಶೈಲ ಅಂತ್ರಿ, ಅಕ್ಕಾರ. ನಿಮ್ಮ ಮನಿಯವರು ಕಡೀಕೆ ಹಿಡಕೊಂಡದ್ದು ನನ್ನ. ಬಿಡಿಸಿಕೊಂಡದ್ದೂ ನಾನ."

ಶಿವದಾರ, ಮುಷ್ಟಿ, ದಿಬ್ಬ, ಅವನು ಎಲ್ಲವನ್ನೂ ಹೇಳಿದ. ಬಾಯವ್ವ ಮೊರದ ಮೇಲಿನ ಕೈ ತೆಗೆಯದೆ ಕೇಳಿದಳು. ಒಳಗೆ ಯಾರೂ ಇಲ್ಲದ ಮನೆ ಅದು. ಆದರೂ ಒಳಗಿಂದ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನನಗನಿಸಿತು.

"ಅವರ ಹೆಸರು ಜಟ್ಟೆಪ್ಪ," ಎಂದಳು ಕಡೆಗೆ. "ಈಜು ಬರತಿರಲಿಲ್ಲ. ನೀ ಬಿಡಿಸಿಕೊಳ್ಳದಿದ್ರ?"

"ಇಬ್ಬರೂ ಹೋಗತಿದ್ವ್ರಿ."

"ಹಂಗಾದ್ರ ನನಗ ಸುದ್ದಿ ತರಾಕ ಯಾರೂ ಇರತಿರಲಿಲ್ಲ." ಕಣ್ಣೀರು ಈಗ ಬಂತು. ಅವಳು ಒರೆಸಿಕೊಳ್ಳಲಿಲ್ಲ. "ಅವರ ಮೈ ತೊಳದವರು ಯಾರು?"

"ನಮ್ಮವ್ವ. ದಿನಾ ಮಧ್ಯಾಹ್ನ ರೊಟ್ಟಿ ಇಡತಾಳ. ಹಿರೇ ಮಗಾ ಅಂತಾಳ."

"ಹಂಗಾರ ಆಕಿ ನನಗ ಅತ್ತಿ," ಎಂದು ಬಾಯವ್ವ ಸೆರಗನ್ನು ತಲೆಯ ಮೇಲೆಳೆದುಕೊಂಡಳು. ಆಮೇಲೆ ನನ್ನ ಕಡೆ ನೋಡಿದಳು. "ಈಕಿ?"

ಶ್ರೀಶೈಲ ನನ್ನತ್ತ ತಿರುಗಿದ. ಬಂಡೆಯ ಮೇಲಿನ ಮೊದಲ ದಿನದ ಹಾಗಲ್ಲ, ಈ ಸಲ ನೇರವಾಗಿ ಕಣ್ಣಿಗೇ ನೋಡಿದ. "ನಾ ಲಗ್ನಾ ಆಗೂಕಿ. ನೀವು ಹೂಂ ಅಂದ್ರ."

ಬಾಯವ್ವ ನನ್ನನ್ನು ಹತ್ತಿರ ಕೂರಿಸಿಕೊಂಡಳು. ತನ್ನ ಬಲಗೈಯ ಬಳೆಗಳನ್ನು ಒಂದೊಂದೇ ಜಾರಿಸಿ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಎಡಗೈಯವು. ಓಣಿಯಲ್ಲಿ ನಿಂತಿದ್ದ ಹೆಂಗಸರು, "ಏ ಬಾಯವ್ವಾ, ಹಂಗ ಮಾಡಬಾರದು, ಒಡೀಬೇಕು," ಎಂದರು.

"ಯಾಕ ಒಡೀಬೇಕು? ನನ್ನ ನೆಗೆಣ್ಣಿಗೆ, ಮೈದುನನ ಹೆಂಡ್ತಿಗೆ ಆಗತಾವ," ಎಂದಳು.

ಬಳೆ ನನಗೆ ಬಿಗಿಯಾಗಿದ್ದವು. ಅವಳು ಅಳುತ್ತಲೇ ನನ್ನ ಕೈ ಹಿಸುಕಿ ಹಿಸುಕಿ ಒಂದೊಂದಾಗಿ ಏರಿಸಿದಳು. ಒಂದೂ ಒಡೆಯಲಿಲ್ಲ.