ಬಾಯಿ ಕಟ್ಟಿದ ಮಡ್ಡಿ

"ಈ ಮಡ್ಡಿಮ್ಯಾಲ ತೋಳದ ದನಿ ತಗೀಬ್ಯಾಡ್ರಿ ಸಾಹೇಬ್ರ," ಎಂದ ಕುರಿಗಾರ ಜಕ್ಕಪ್ಪ. ಪರಮೇಶ ನಕ್ಕುಬಿಟ್ಟ.

ಬೀಳಗಿಯಾಚೆ ಹಿನ್ನೀರಿನ ದಂಡೆಗಿದ್ದ ಆ ಕಲ್ಲುಮಡ್ಡಿಯನ್ನು, ಬಂಡೆಗಳ ಬರಡು ದಿಬ್ಬವನ್ನು, ಸಿಮೆಂಟ್ ಕಂಪನಿಯೊಂದು ಗಣಿಗೆ ಕೇಳಿತ್ತು. ಅಗೆಯುವ ಮೊದಲು ಅಲ್ಲಿ ಅಪರೂಪದ ಪ್ರಾಣಿಗಳಿವೆಯೇ ಎಂದು ನೋಡಿ ವರದಿ ಕೊಡಲು ಪರಮೇಶ ಹುಬ್ಬಳ್ಳಿಯಿಂದ ಬಂದಿದ್ದ. ತೋಳಗಳಿರುವುದು ಅವನಿಗೆ ಖಾತ್ರಿಯಾಗಿತ್ತು. ಹಳ್ಳದ ಕೆಸರಿನಲ್ಲಿ ಹೆಜ್ಜೆಗಳಿದ್ದವು, ಮೊಲದ ಕೂದಲು ತುಂಬಿದ ಹಿಕ್ಕೆಯಿತ್ತು, ಬಂಡೆಯಡಿ ಹಸಿ ವಾಸನೆಯ ಗವಿಯಿತ್ತು. ಆದರೆ ವಾರ ಕಾದರೂ ಒಂದು ಊಳು ಕೇಳಿರಲಿಲ್ಲ. ಎಷ್ಟಿವೆ, ಮರಿ ಹಾಕಿವೆಯೇ ಎಂದು ತಿಳಿಯಲು ಈಗ ಒಂದೇ ದಾರಿ. ಸಂಜೆ ತಾನೇ ಊಳಿಟ್ಟು ಉತ್ತರಕ್ಕೆ ಕಿವಿಗೊಡುವುದು. ಅವನ ಕಸುಬಿನವರು ಮಾಡುವುದೇ ಹಾಗೆ.

ಜಕ್ಕಪ್ಪ ದನಿ ತಗ್ಗಿಸಿ ಹೇಳಿದ್ದು ಇಷ್ಟು. ಅವನ ಮುತ್ತ್ಯಾನ ಕಾಲಕ್ಕೆ ಮಂತ್ರಗಾರನೊಬ್ಬನನ್ನು ಕರೆಸಿ, ಕರಿ ಉಣ್ಣೆಯ ಹುರಿ ಮಂತ್ರಿಸಿ ಈ ತೋಳಗಳ ಬಾಯಿ ಕಟ್ಟಿಸಿದ್ದರು. ಅಂದಿನಿಂದ ಅವು ಕುರಿಗೆ ಬಾಯಿ ಹಾಕಿಲ್ಲ, ಊಳಿಟ್ಟಿಲ್ಲ. ಆದರೆ ಅವುಗಳ ದನಿಯಲ್ಲಿ ಯಾರಾದರೂ ಕರೆದರೆ, ಕರೆದವನ ದನಿ ಅವುಗಳದಾಗುತ್ತದೆ. ಅದಕ್ಕೇ ಇಲ್ಲಿ ಕುರುಬರು ನಾಯಿಗೂ ಸೀಟಿ ಹೊಡೆಯುವುದಿಲ್ಲ, ಕೋಲಿನಿಂದ ಕಲ್ಲು ಕುಟ್ಟಿ ಕುರಿ ತಿರುಗಿಸುತ್ತಾರೆ.

"ದನಿ ಒಯ್ದು ಏನ್ ಮಾಡ್ತಾವ್ರಿ ಅಜ್ಜಾರ, ಸಂತ್ಯಾಗ ಮಾರ್ತಾವೇನು?"

"ಕರೀತಾವ್ರಿ. ನಮ್ಮ ಭಾಗವ್ವತ್ತಿ, ಗಂಡ ಕರದಾ ಅಂತ ಎದ್ದ ಹೋದಾಕಿ ತಿರುಗಿ ಬರಲಿಲ್ಲ. ತೋಳದ ದನಿ ತಗದಿದ್ದ ಗಂಡ ಬಾಜೂಕ ಕುಂತಿದ್ದಾ. ಬ್ಯಾಡ ಅನ್ನಾಕ ಅವಗ ಬಾಯಿ ಬರಲಿಲ್ಲ."

ಹೊತ್ತು ಇಳಿಯುವ ಮೊದಲೇ ಜಕ್ಕಪ್ಪ ಕುರಿ ಹೊಡೆದುಕೊಂಡು ಹೋದ. ಕುರಿಗಳೂ ಸದ್ದಿಲ್ಲದೆ ಹೋದವು. ಉಣ್ಣೆಯ ಕಮಟು, ಹಿನ್ನೀರಿನ ಕೊಳೆತ ಜೊಂಡಿನ ವಾಸನೆ ಹಿಂದೆ ಉಳಿದವು.

ಪರಮೇಶನಿಗೆ ಒಂಟಿತನ ಹೊಸದಲ್ಲ. ಹೆಂಡತಿ ವೈಶಾಲಿ ಬೇಸತ್ತು, ಮಗಳನ್ನು ಕರೆದುಕೊಂಡು ಮುಧೋಳದ ತವರು ಸೇರಿ ಎರಡು ವರ್ಷವಾಗಿತ್ತು. ದಿನಾ ಸಂಜೆ ಫೋನಿನಲ್ಲಿ ಮಗಳು ಸ್ನೇಹಾಳ ಜೊತೆ ಮಾತು, ಭಾನುವಾರ ಆ ಮನೆಯ ಪಡಸಾಲೆಯಲ್ಲಿ ಒಂದು ತಾಸು. ಅಷ್ಟಕ್ಕೆ ಮಾತ್ರ ವೈಶಾಲಿ ಒಪ್ಪಿದ್ದಳು. ಫೋನಿನಲ್ಲಿ ಅವನು ಯಾವುದಾದರೂ ಪ್ರಾಣಿಯ ದನಿ ತೆಗೆಯಬೇಕು, ಐದು ವರ್ಷದ ಸ್ನೇಹಾ ಗುರುತಿಸಬೇಕು. ಉಳಿದ ದಿನವೆಲ್ಲ ಅವನ ಬಾಯಿಗೆ ಊಟ ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

ಸೂರ್ಯ ಮುಳುಗಿದ. ಬಂಡೆಗಳು ಕಪ್ಪಾದವು. ಅವನು ಅಂಗೈಗಳನ್ನು ಬಾಯಿಗೆ ಹಿಡಿದು, ಎದೆ ತುಂಬ ಉಸಿರೆಳೆದು ಊಳಿಟ್ಟ.

ದನಿ ಹೋಯಿತು. ತಿರುಗಿ ಬರಲಿಲ್ಲ. ಬಂಡೆಗಳಿಗೆ ಬಡಿದು ಮರುದನಿಯಾದರೂ ಆಗಬೇಕಿತ್ತು. ಅದನ್ನು ಯಾರೋ ಅರ್ಧ ದಾರಿಯಲ್ಲೇ ಹಿಡಿದುಕೊಂಡಂತಿತ್ತು. ಜೀರುಂಡೆಗಳೂ ನಿಂತವು. ಇನ್ನೊಮ್ಮೆ ಊಳಿಡಲು ಬಾಯಿ ತೆರೆಯಹೋದ. ತೆರೆಯಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿತ್ತು. ಬೆರಳಿನಿಂದ ತುಟಿ ಬಿಡಿಸಲು ನೋಡಿದ. ಹಲ್ಲುಗಳ ನಡುವೆ ಕರಿ ಉಣ್ಣೆಯ ಒರಟು ರುಚಿ. ಹೆದರಿಕೆಯಲ್ಲಿ ಹೀಗಾಗುತ್ತದೆ, ದವಡೆ ಹಿಡಿದಿದೆ ಅಷ್ಟೇ, ಎಂದುಕೊಂಡ.

ಜಾಲಿಕಂಟಿಯ ಹಿಂದಿನಿಂದ ತೋಳವೊಂದು ಬಂತು. ಬಡಕಲು. ಮೂತಿಯ ಸುತ್ತ ರೋಮ ಉದುರಿ, ಬಹಳ ದಿನ ಹಗ್ಗ ಬಿಗಿದಂತೆ ಗೆರೆ. ಅವನೆದುರು ಕೂತು ಮೆಲ್ಲಗೆ ದವಡೆ ಆಡಿಸಿ ನೋಡಿಕೊಂಡಿತು.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮುಧೋಳದ ನಂಬರು. ಅವನು ಎತ್ತಿದ. ಎತ್ತಬಾರದಿತ್ತು.

"ಅಪ್ಪಾ, ಇವತ್ತ ಯಾವ ಪ್ರಾಣಿ?"

ಅವನ ಗಂಟಲಲ್ಲಿ ಉಸಿರು ಕುಯ್ಯೆಂದಿತು. ತೋಳ ಕತ್ತೆತ್ತಿ ಊಳಿಟ್ಟಿತು. ಅದು ತೋಳದ ದನಿಯಲ್ಲ. ತೋಳದಂತೆ ಊಳಿಡುವ ಪರಮೇಶನ ದನಿ.

ಸ್ನೇಹಾ ನಕ್ಕಳು. "ತೋಳಾ! ಗೊತ್ತಾತು. ಯಾವಾಗ ಬರ್ತಿ?"

ಬ್ಯಾಡ. ಮಾತಾಡಬ್ಯಾಡ. ಇಡು ಫೋನು. ಅವನು ಒಳಗೊಳಗೇ ಅರಚಿದ. ಹೊರಗೆ ಒಂದಕ್ಷರ ಬರಲಿಲ್ಲ.

"ಈಗ ಬರ್ತೇನಿ ಪುಟ್ಟಿ," ಎಂದಿತು ತೋಳ. ಅವನದೇ ಅಕ್ಕರೆಯಲ್ಲಿ. "ಅವ್ವಗ ಹೇಳಬ್ಯಾಡ. ಕರದ ಕೂಡ್ಲೆ ಹೊರಗ ಬಾ."

"ಹೂಂ," ಎಂದಳು ಮಗಳು. ಫೋನು ಕಟ್ಟಾಯಿತು.

ತೋಳ ಎದ್ದು ಪಡುವಣಕ್ಕೆ, ಮುಧೋಳದ ದಿಕ್ಕಿಗೆ ಓಡಿತು. ಗವಿಯಿಂದ ಇನ್ನಷ್ಟು ನೆರಳುಗಳು ಜಿಗಿದವು. ಬಂಡೆಗಳ ನಡುವೆ ಅವನ ದನಿ ಹತ್ತು ಕಡೆಯಿಂದ ಮಗಳ ಹೆಸರು ಕರೆಯುತ್ತ ದೂರವಾಯಿತು.

ಪರಮೇಶ ಮೊಣಕಾಲೂರಿ ಕೂತ. ವೈಶಾಲಿಗೆ ಮೆಸೇಜು ಬರೆಯಲು ಫೋನು ತೆರೆದ. ನಿಜ ಬರೆದರೆ ವೈಶಾಲಿ ಕುಡಿದಿದ್ದಾನೆ ಎನ್ನುತ್ತಾಳೆ. ತಾನೇ ಓಡಿ ಹೋಗಿ ಬಾಗಿಲು ಬಡಿದರೆ, ಬಡಿದವನು ತಾನೋ ಅದೋ ಎಂದು ಒಳಗಿದ್ದವರಿಗೆ ಹೇಗೆ ತಿಳಿಯಬೇಕು? ಅವಳು ನಂಬುವಂಥದ್ದು ಒಂದೇ ಇತ್ತು. ಅದನ್ನೇ ಬರೆದ.

"ಸ್ನೇಹಾನ್ನ ಒಳಗ ಹಾಕಿ ಕೀಲಿ ಹಾಕು. ನಾ ಬಂದ್ರ, ಕರದ್ರ ಬಾಗಲಾ ತಗೀಬ್ಯಾಡ. ನನ್ನ ಫೋನೂ ಎತ್ತಬ್ಯಾಡ. ಇನ್ನ ಎಂದೂ."

ಕಳಿಸಿ, ಕತ್ತಲಲ್ಲಿ ಫೋನಿನ ಬೆಳಕು ನೋಡುತ್ತ ಕೂತ. ಉತ್ತರ ಬೇಗ ಬಂತು.

"ಆತು."

ಯಾಕೆ ಎಂದು ಅವಳು ಕೇಳಿರಲಿಲ್ಲ.