ಗಾಜಿನ ಪೆಟ್ಟಿಗೆಯ ಹಾಡು

ದೂರು ಮೊಂತೊರೆಲ್ ಠಾಣೆಗೆ ಬಂದದ್ದು 1989ರ ಅಕ್ಟೋಬರ್ 12, ಗುರುವಾರ, ಮಧ್ಯಾಹ್ನ ಹನ್ನೆರಡಕ್ಕೆ ಐದು ನಿಮಿಷ ಇರುವಾಗ. ಬುದ್ಧಿ ನೆಟ್ಟಗಿರುವ ಯಾರೂ ಆ ಹೊತ್ತಿಗೆ ಪೊಲೀಸರ ಬಳಿ ಬರುವುದಿಲ್ಲ. ಗುರುವಾರ ಮೂಲೆಯ ಹೋಟೆಲಿನಲ್ಲಿ ಹಂದಿಮಾಂಸ ಹಾಕಿದ ಬೇಳೆ ಬೇಯಿಸುತ್ತಾರೆ. ತಡವಾಗಿ ಹೋದವನಿಗೆ ಪಾತ್ರೆಯ ತಳವೇ ಗತಿ. ಇನ್ಸ್‌ಪೆಕ್ಟರ್ ರೆಜಿಸ್ ವೋಕ್ಲೇರ್ ಆಗಲೇ ಕೋಟಿನ ಒಂದು ತೋಳು ಹಾಕಿಕೊಂಡಿದ್ದರು.

ಬಂದವರು ಮೂವರು. ಫಿರ್ಮಾಂ ಲಸ್ಕೂ ಅಭಿಮಾನಿಗಳ ಸಂಘದ ಅಧ್ಯಕ್ಷ, ನಿವೃತ್ತ ಔಷಧಿ ಅಂಗಡಿಯವರಾದ ಬರ್ತೆಲೆಮಿ. ಕಾರ್ಯದರ್ಶಿ ಶ್ರೀಮತಿ ಫೂಜರೋಂ. ಮೂರನೆಯವನು ಪ್ಯಾರಿಸ್ಸಿನಿಂದ ಬಂದಿದ್ದ ಧ್ವನಿ ತಂತ್ರಜ್ಞ ಕೆರ್ದ್ರಾಂ. ಅವನು ಒಂದೇ ಸಮನೆ ಗಡಿಯಾರ ನೋಡುತ್ತಿದ್ದ.

"ಕಳ್ಳತನ ಆಗಿದೆ ಇನ್ಸ್‌ಪೆಕ್ಟ್ರೇ! ನಮ್ಮ ಸಂಘದ ಪ್ರಾಣವೇ ಹೋಯ್ತು!" ಎಂದರು ಬರ್ತೆಲೆಮಿ.

"ಪ್ರಾಣ ಹೋಗಿದ್ರೆ ಆಸ್ಪತ್ರೆಗೆ ಹೋಗಿ. ವಸ್ತು ಏನು ಹೋಗಿದೆ, ಅದನ್ನ ಹೇಳಿ."

ಹೋದದ್ದು ಒಂದು ಗ್ರಾಮಫೋನ್ ರೆಕಾರ್ಡು. ಲಸ್ಕೂ ಇದೇ ಊರಿನ ಬೇಕರಿಯವನ ಮಗ. ಹಾಡು, ಕುಣಿತ, ತಮಾಷೆ ಬೆರೆತ ಆಪರೆಟಾಗಳನ್ನು ರಾಶಿ ರಾಶಿ ಬರೆದಾತ. ಪ್ಯಾರಿಸ್ಸಿನಲ್ಲಿ ಅವುಗಳಲ್ಲಿ ಎರಡು ಮಾತ್ರ ಓಡಿದವು; ಮೊಂತೊರೆಲಿಗೆ ಅಷ್ಟೇ ಸಾಕಾಗಿತ್ತು. ಅವರು ಹುಟ್ಟಿ ನೂರು ವರ್ಷವಾದ ನೆಪದಲ್ಲಿ, ಉಳಿದಿರುವ ಅವರ ರೆಕಾರ್ಡುಗಳನ್ನೆಲ್ಲ ಒಟ್ಟು ಮಾಡಿ ಸಿ.ಡಿ.ಯಲ್ಲಿ ತರಲು ಪ್ಯಾರಿಸ್ಸಿನ ಕಂಪನಿಯೊಂದು ಹೊರಟಿತ್ತು. ಲಸ್ಕೂ ತಾವೇ ಪಿಯಾನೋ ನುಡಿಸಿದ ರೆಕಾರ್ಡು ಒಂದೇ ಒಂದು. 'ದೋಣಿ ಕಟ್ಟೆಯ ಮದುಮಗಳು' ಆಪರೆಟಾದ ಹಾಡು ಅದು. 1931ರಲ್ಲಿ ಅದನ್ನು ಹಾಡಿದವರು ಇದೇ ಊರಿನ ಲಿಯೋಂತೀನ್ ಓಬ್ರಾ. ಅದರ ಉಳಿದ ಏಕೈಕ ಪ್ರತಿ ಪುರಸಭೆಯ ಮಹಡಿಯಲ್ಲಿ ಸಂಘದ ಗಾಜಿನ ಪೆಟ್ಟಿಗೆಯಲ್ಲಿತ್ತು. ಆ ಬೆಳಿಗ್ಗೆ ಕೆರ್ದ್ರಾಂ ಅದರ ಲಕೋಟೆ ಬಿಚ್ಚಿದಾಗ ಒಳಗೆ ಸಿಕ್ಕಿದ್ದು ಯಾವುದೋ ಬ್ಯಾಂಡಿನ ಕುಣಿತದ ರೆಕಾರ್ಡು.

ವೋಕ್ಲೇರ್ ಕೋಟಿನ ಇನ್ನೊಂದು ತೋಳನ್ನೂ ಹಾಕಿಕೊಂಡರು, ಊಟಕ್ಕಲ್ಲ. ಎಫ್‌ಐಆರ್ ದಾಖಲಾಯಿತು. ಕಾನ್‌ಸ್ಟೇಬಲ್ ಸೊಲಾಂಜ್ ತಿಕ್ಸಿಯೆಯೊಂದಿಗೆ ಸ್ಥಳಕ್ಕೆ ಹೋಗಿ ಪಂಚನಾಮೆ ಬರೆಸಿದರು. ಗಾಜು ಒಡೆದಿರಲಿಲ್ಲ, ಬೀಗ ಮುರಿದಿರಲಿಲ್ಲ.

"ಕೀ ಎಲ್ಲಿರುತ್ತೆ?"

"ಮಹಾನುಭಾವರ ಫೋಟೋ ಹಿಂದೆ, ಮೊಳೆಗೆ," ಎಂದರು ಫೂಜರೋಂ.

"ಅದು ಯಾರ್ಯಾರಿಗೆ ಗೊತ್ತು?"

"ಸಂಘದವರಿಗೆ ಮಾತ್ರ ಸಾರ್."

"ಸಂಘದಲ್ಲಿ ಯಾರಿದ್ದಾರೆ?"

"ಊರೋರೆಲ್ಲ."

ವೋಕ್ಲೇರ್ ಕಣ್ಣು ಮುಚ್ಚಿ ತೆರೆದರು. "ಹೋಗ್ಲಿ. ಕೊನೇ ಸಲ ಆ ರೆಕಾರ್ಡು ಹೊರಗೆ ತೆಗೆದದ್ದು ಯಾವಾಗ?"

"ತೆಗೆಯೋದಾ!" ಬರ್ತೆಲೆಮಿ ಹೌಹಾರಿದರು. "ಸೂಜಿ ತಾಗಿದ್ರೆ ಸವೆದು ಹೋಗತ್ತೆ ಸ್ವಾಮಿ. ಪ್ರತಿ ವರ್ಷ ಅವರ ಹುಟ್ಟುಹಬ್ಬಕ್ಕೆ ಪೆಟ್ಟಿಗೆ ಮುಂದೆ ನಿಂತು ಒಂದು ನಿಮಿಷ ಮೌನ. ಆಮೇಲೆ ಎಲ್ರೂ ಒಂದೊಂದು ಲೋಟ ವೈನು. ಅಷ್ಟೇ."

"ಅಂದ್ರೆ ಯಾವತ್ತು ಬದಲಾಯಿತು ಅನ್ನೋದು ನಿಮಗೆ ಗೊತ್ತೇ ಇಲ್ಲ."

"ನಾವು ಗಾಜು ಒರೆಸಿದ್ದೇವೆ. ತಪ್ಪದೆ ಒರೆಸಿದ್ದೇವೆ."

ಇಂಥ ಸಾಕ್ಷಿಗಳನ್ನು ಇಟ್ಟುಕೊಂಡು ಯಾವ ಪೊಲೀಸಿನವನಾದರೂ ಏನು ಮಾಡಬೇಕು? ವೋಕ್ಲೇರ್ ಗುರುವಾರ ಸಂಜೆಯಿಂದ ಶುಕ್ರವಾರ ಪೂರ್ತಿ ಸಂಘದವರನ್ನು ಒಬ್ಬೊಬ್ಬರಾಗಿ ವಿಚಾರಿಸಿದರು. ರೆಕಾರ್ಡು ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯದು, ಅದರಲ್ಲಿರುವ ಹಾಡಿನ ಬಗ್ಗೆ ಮಾತ್ರ ಎಲ್ಲರೂ ಪಂಡಿತರೇ. ಹಾಡಿನ ಕೊನೆಗೆ ಬರುವ ಆ ಮೇಲಿನ ಸ್ವರ! ಕೇಳಿದರೆ ಕಣ್ಣಲ್ಲಿ ನೀರು ಬರುತ್ತದೆ! ಕೆಲವರು ಎದ್ದು ನಿಂತು ಹಾಡಿಯೂ ತೋರಿಸಿದರು.

"ನೀವು ಕೇಳಿದ್ದೀರಾ?"

"ನಮ್ಮಮ್ಮ ಕೇಳಿದ್ರಂತೆ," ಎಂದರು ಫೂಜರೋಂ.

"ನೀವು?" ಬರ್ತೆಲೆಮಿಯವರಿಗೆ ಅದೇ ಪ್ರಶ್ನೆ.

"ಕೇಳಿದ ಹಾಗೇ ಲೆಕ್ಕ."

ಶುಕ್ರವಾರ ಸಂಜೆ ತಿಕ್ಸಿಯೆ ಹೇಳಿಕೆಗಳನ್ನು ಟೈಪ್ ಮಾಡುತ್ತ ಅದೇ ರಾಗ ಗುನುಗತೊಡಗಿದಳು. "ನಿಲ್ಸಮ್ಮ ತಾಯಿ, ನಿನಗೆ ಕೈ ಮುಗೀತೀನಿ," ಎಂದರು ವೋಕ್ಲೇರ್.

ಉಳಿದವರು ಹಾಡಿದಾಕೆ ಒಬ್ಬರೇ. ಲಿಯೋಂತೀನ್ ಓಬ್ರಾಗೆ ಈಗ ಎಪ್ಪತ್ತೊಂಬತ್ತು. ಆ ರೆಕಾರ್ಡಾದ ಮೇಲೆ ಗಂಟಲಿನ ಕಾಯಿಲೆ ಎಂದು ರಂಗ ಬಿಟ್ಟು ಊರಿಗೆ ಮರಳಿ, ಅಂದಿನಿಂದ ಸಂಗೀತ ಪಾಠ ಹೇಳುತ್ತ ಬಂದವರು. ಮೊಂತೊರೆಲಿನಲ್ಲಿ ಬಾಯಿ ತೆರೆದು ಹಾಡುವವರೆಲ್ಲ ಅವರ ಶಿಷ್ಯರೇ, ಬಾಯಿ ಮುಚ್ಚಿಕೊಂಡವರು ಅವರಿಂದ ಹೊರದಬ್ಬಿಸಿಕೊಂಡವರು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಪೊಲೀಸರು ಹೋದಾಗ, ನಲವತ್ತು ದಾಟಿದ ಪೋಸ್ಟ್‌ಮ್ಯಾನ್ ಒಬ್ಬ ಕಣ್ಣೊರೆಸಿಕೊಳ್ಳುತ್ತ ಮೆಟ್ಟಿಲಿಳಿಯುತ್ತಿದ್ದ.

"ಏನಾಯ್ತಪ್ಪಾ?"

"ಸ್ವರ ಒಡೀತು ಸಾರ್. ಮನೆಗೆ ಹೋಗು, ಕಾಗದ ಹಂಚು, ಅಂದ್ರು ಟೀಚರ್."

ಓಬ್ರಾ ನೆಟ್ಟಗೆ ಕೂತಿದ್ದರು. "ಬೇಗ ಕೇಳಿ ಇನ್ಸ್‌ಪೆಕ್ಟ್ರೇ. ಹತ್ತೂವರೆಗೆ ಇನ್ನೊಬ್ಬ ಕಿರುಚೋನು ಬರ್ತಾನೆ."

"ಆ ರೆಕಾರ್ಡಾದ ದಿನ ನೆನಪಿದೆಯಾ ಟೀಚರ್?"

"ಇದೆ. ಲಸ್ಕೂ ಪಿಯಾನೋ ಬಹಳ ಚೆನ್ನಾಗಿ ನುಡಿಸಿದ್ರು. ಎಡಗೈ ನೋಡಬೇಕಿತ್ತು ನೀವು."

"ನಿಮ್ಮ ಹಾಡು?"

"ಪಿಯಾನೋ ಸ್ವಲ್ಪ ಹಳೇದು."

"ಕೊನೆಯ ಆ ಮೇಲಿನ ಸ್ವರದ ಬಗ್ಗೆ ಎಲ್ರೂ ಹೇಳ್ತಾರೆ..."

"ಕಾಫಿ ಕುಡೀತೀರಾ?"

ವೋಕ್ಲೇರ್ ಕಾಫಿ ಕುಡಿದರು. ಬೀದಿಗೆ ಬಂದ ಮೇಲೆ ತಿಕ್ಸಿಯೆಯತ್ತ ತಿರುಗಿದರು. "ಕೇಳದೆ ಇರೋ ಪುಣ್ಯಾತ್ಮರೆಲ್ಲ ಎರಡು ದಿನದಿಂದ ಆ ಸ್ವರ ಹೊಗಳಿ ನನ್ನ ತಲೆ ತಿಂದ್ರು. ಆ ಕೋಣೇಲಿ ಇದ್ದು ಬದುಕಿರೋರು ಇವರೊಬ್ಬರೇ. ಇವರು ಕಾಫಿ ಕೊಡ್ತಾರೆ!"

"ವಿನಯ ಇರಬಹುದು ಸಾರ್."

"ವಿನಯಾನಾ? ಪೋಸ್ಟ್‌ಮ್ಯಾನ್‌ನ ಕೇಳು."

ಓಬ್ರಾ ಮನೆ ಹುಡುಕಲು ಮ್ಯಾಜಿಸ್ಟ್ರೇಟರ ಶೋಧನಾ ವಾರಂಟ್ ಸೋಮವಾರ ಬೆಳಿಗ್ಗೆ ಕೈ ಸೇರಿತು. ಅದನ್ನು ಓದುವ ಕಷ್ಟವನ್ನು ಓಬ್ರಾ ಕೊಡಲಿಲ್ಲ. ತಾವೇ ಎದ್ದು ಪಿಯಾನೋದ ಸ್ಟೂಲಿನ ಮುಚ್ಚಳ ಎತ್ತಿ, ಉಣ್ಣೆಯ ಶಾಲಿನಲ್ಲಿ ಸುತ್ತಿಟ್ಟಿದ್ದ ರೆಕಾರ್ಡನ್ನು ತೆಗೆದುಕೊಟ್ಟರು.

"ಯಾವಾಗ ತೆಗೆದ್ರಿ?"

"ಸಿ.ಡಿ. ಮಾಡ್ತೀವಿ ಅಂತ ಸಭೇಲಿ ಕೈ ಎತ್ತಿದ ದಿನ. ನಾನೂ ಎತ್ತಿದ್ದೆ. ಅವರೆಲ್ಲ ವೈನ್ ಕುಡೀತಾ ಇದ್ರು."

"ಯಾಕೆ?"

"ಆ ಸ್ವರ ಒಡೆದಿತ್ತು. ಆಗ ಮೇಣದ ಮೇಲೆ ಕೊರೀತಿದ್ರು, ಅಳಿಸೋ ಹಾಗಿರಲಿಲ್ಲ. ಇನ್ನೊಂದು ಸಲ ಹಾಡ್ತೀನಿ ಅಂದೆ. ಲಸ್ಕೂಗೆ ರೈಲಿಗೆ ಹೊತ್ತಾಗಿತ್ತು. ಇರಲಿ ಬಿಡು ಹುಡುಗಿ, ಯಾರು ಕೇಳ್ತಾರೆ, ಅಂದ್ರು." ಅವರು ಸ್ಟೂಲಿನ ಮುಚ್ಚಳ ಹಾಕಿದರು. "ಯಾರೂ ಕೇಳದ ಹಾಗೆ ನಾನು ನೋಡ್ಕೊಂಡೆ. ಸೂಜಿ ತಾಗಿದ್ರೆ ಸವೆಯತ್ತೆ ಅಂತ ಸಂಘಕ್ಕೆ ಹೇಳಿಕೊಟ್ಟೋಳೇ ನಾನು."

"ಒಡೆದು ಹಾಕಬಹುದಿತ್ತಲ್ಲ!"

"ಅವರ ಪಿಯಾನೋನೂ ಅದರಲ್ಲೇ ಇದೆಯಲ್ಲ. ಅದನ್ನ ಹೇಗೆ ಒಡೀಲಿ?"

ಬೆಳಿಗ್ಗೆ 11.20ಕ್ಕೆ ಅವರನ್ನು ದಸ್ತಗಿರಿ ಮಾಡಲಾಯಿತು. ತಿಕ್ಸಿಯೆ ತೋಳು ಹಿಡಿದು ನಡೆಸಲು ಹೋಗಿ ಬೈಸಿಕೊಂಡಳು. ಸಿಕ್ಕಿದ ರೆಕಾರ್ಡು ಅದೇ ಎಂದು ಗುರುತಿಸಬೇಕಿದ್ದರಿಂದ ಕೆರ್ದ್ರಾಂ ತನ್ನ ಯಂತ್ರವನ್ನು ಠಾಣೆಗೇ ತಂದ. ಬರ್ತೆಲೆಮಿ, ಫೂಜರೋಂ ಸಾಕ್ಷಿಗಳಾಗಿ ಬಂದರು. ಬೇಕಾದರೆ ಹೊರಗೆ ಕೂರಬಹುದು ಎಂದು ವೋಕ್ಲೇರ್ ಓಬ್ರಾಗೆ ಹೇಳಿದರು.

"ಬೇಡ," ಎಂದರು ಓಬ್ರಾ. "ನಾನೂ ಇದನ್ನ ಯಾವತ್ತೂ ಕೇಳಿಲ್ಲ."

ಸೂಜಿ ಇಳಿಯಿತು. ಪಿಯಾನೋ ಚುರುಕಾಗಿ, ನಗುತ್ತ ನಗುತ್ತ ಬಂತು. ಅದರ ಮೇಲೆ ಎಳೆಯ ಹುಡುಗಿಯ ದನಿ, ತುಸು ಆತುರ, ತುಂಬ ಸಂತೋಷ. ಕೊನೆಗೆ ಆ ಮೇಲಿನ ಸ್ವರ ಬಂದಾಗ ದನಿ ಒಡೆಯಿತು. ಹುಡುಗಿ ಅರೆಕ್ಷಣ ತಡವರಿಸಿದಳು, ಮತ್ತೆ ಎತ್ತಿಕೊಂಡು ಕಡೆಯ ಸಾಲನ್ನು ಹಾಡಿ ಮುಗಿಸಿದಳು. ಫೂಜರೋಂ ಕರವಸ್ತ್ರ ತೆಗೆದರು. ಬರ್ತೆಲೆಮಿ ನೆಲ ನೋಡುತ್ತಿದ್ದರು.

ವೋಕ್ಲೇರ್‌ಗೆ ನಾಲ್ಕು ದಿನದ ರೇಗು ಒಟ್ಟಿಗೇ ಬಂತು. "ಇಷ್ಟಕ್ಕಾ ಟೀಚರ್? ಇಷ್ಟೇ ಇಷ್ಟಕ್ಕಾ?"

"ಇಷ್ಟಕ್ಕೇ ಈ ಫೂಜರೋಂಳನ್ನ ಎರಡು ವರ್ಷ ಪಾಠದಲ್ಲಿ ಅಳಿಸಿದ್ದೀನಿ," ಎಂದರು ಓಬ್ರಾ. ಯಂತ್ರದ ಮೇಲಿಂದ ಅವರ ಕಣ್ಣು ಸರಿದಿರಲಿಲ್ಲ. "ಹುಡುಗಿ ನಿಲ್ಲಿಸಲಿಲ್ಲ, ನೋಡಿದ್ರಾ? ಒಡೆದ ಮೇಲೂ ಹಾಡಿದ್ಲು. ಚೆನ್ನಾಗಿ ಹಾಡಿದ್ಲು. ನನ್ನ ಹತ್ರ ಬಂದಿದ್ರೆ, ಅವಳನ್ನ ಅಲ್ಲೇ ಬಾಗಿಲಾಚೆ ಕಳಿಸ್ತಿದ್ದೆ."

ಹೆಸರು ಕೆಡುವ ಭಯದಿಂದ ಕದ್ದರು ಎಂದು ವೋಕ್ಲೇರ್ ವರದಿಯಲ್ಲಿ ಬರೆದರು. ಅದು ಪೂರ್ತಿ ನಿಜವಲ್ಲವೆಂದು ಅವರಿಗೆ ಗೊತ್ತಿತ್ತು. ಐವತ್ತೆಂಟು ವರ್ಷಗಳಿಂದ ತಾವು ಮನೆಗೆ ಕಳಿಸಿದವರೆಲ್ಲ ಒಂದು ದಿನ ಇದನ್ನು ಕೇಳಿಬಿಡುತ್ತಾರೆ ಎಂದು ಆಕೆ ಹೆದರಿದ್ದರು.