ಬಿದ್ದವರ ಪಕ್ಕ ಕೂರುವವನು

"ಮುಟ್ಟಬೇಡಿ."

ಓಡಿಬಂದ ಅವಳ ಕೈ ಅರ್ಧದಲ್ಲೇ ನಿಂತಿತು. ಜಾರುಬಂಡೆಯ ಬುಡದಲ್ಲಿ ಪುಟ್ಟ ಹುಡುಗಿಯೊಬ್ಬಳು ಬೋರಲು ಬಿದ್ದು ಅಳುತ್ತಿದ್ದಳು. ಅಡ್ಡ ಬಂದ ಗಡ್ಡದವನು, ಪೆಟ್ಟಾಗಿಲ್ಲವೆಂದು ಕಣ್ಣಲ್ಲೇ ನೋಡಿಕೊಂಡು, ಮಗುವಿನ ಪಕ್ಕ ಮಣ್ಣಿನಲ್ಲೇ ಕೂತ. ಎತ್ತಲಿಲ್ಲ. ಸುಮ್ಮನೆ ಕಾದ.

ಎಂಥ ಕಲ್ಲು ಮನಸ್ಸಪ್ಪ ಇವನದು...

ಮಗು ತಾನೇ ಎದ್ದು, ಮೊಣಕಾಲು ಒರೆಸಿಕೊಂಡು ಅವನ ಮಡಿಲಿಗೆ ಬಂತು. ಆಗಷ್ಟೇ ಬಾಚಿ ತಬ್ಬಿಕೊಂಡ.

ಅವಳಿದ್ದ ಶಿಶುವಿಹಾರದ ಟೀಚರುಗಳ ತಂಡವೊಂದು ಪರದೇಶದ ಈ ಶಾಲೆ ನೋಡಿ ಕಲಿಯಲು ಬಂದಿತ್ತು. ಅವನು ಅಲ್ಲಿ ಟೀಚರ್, ಆದರೆ ಇವಳ ನಾಡಿನವನೇ. ಮಕ್ಕಳಿಗೆ ಗಡ್ಡದಣ್ಣ. ಇವಳಿಗೆ ಜೊತೆಯವರಿಟ್ಟ ಹೆಸರು ಬೆಂಕಿಪೊಟ್ಟಣ. ಊರಲ್ಲಿ ಒಂದೇ ಕೋಣೆಗೆ ಅರವತ್ತು ಮಕ್ಕಳನ್ನು ತುರುಕಿದ ಅಧಿಕಾರಿಗಳನ್ನು ಬೀದಿಯಲ್ಲಿ ನಿಲ್ಲಿಸಿ ಕೇಳಿದವಳು.

ಊಟದ ಮೇಜಿನಲ್ಲಿ ಅವನನ್ನೂ ಚೆನ್ನಾಗಿ ಬೈದಳು. ಏಳುವ ಮೊದಲೇ ಎತ್ತಿದರೆ ಏಳುವ ಹಕ್ಕನ್ನೇ ಕಸಿದಂತೆ ಎಂದು ಅವನು ನಕ್ಕ. ಉಳಿದವರು ತಟ್ಟೆ ಹಿಡಿದು ಜಾಗ ಖಾಲಿ ಮಾಡಿದರು. ಜಗಳ ಹರಟೆಯಾಯಿತು, ಹರಟೆ ಯಾವಾಗ ಇನ್ನೇನೋ ಆಯಿತೋ...

ಕೊನೆಯ ವಾರ ಅಲ್ಲಿಯ ಮುಖ್ಯಸ್ಥೆ ಇವಳನ್ನು ಕರೆದು, ಇಲ್ಲೇ ಕೆಲಸ ಕೊಡುತ್ತೇವೆ, ಉಳಿದುಬಿಡಿ ಎಂದರು. ಇವಳು ಅವನತ್ತ ನೋಡಿದಳು. ಅವನು ತಲೆ ತಗ್ಗಿಸಿ ಬಣ್ಣದ ಕುಂಚ ತೊಳೆಯುತ್ತಲೇ ಇದ್ದ.

ಹಾಗಾದರೆ ಬೆಂಕಿ ಹತ್ತಿದ್ದು ನನ್ನೊಬ್ಬಳಿಗೇನಾ?

ಬೇಡ ಎಂದಳು. ತನ್ನ ಅರವತ್ತು ಮಕ್ಕಳಿಗೂ ಬೀಳಲು, ಏಳಲು ಜಾಗ ಬೇಕು. ಕೊಡದಿದ್ದರೆ ಕಿತ್ತುಕೊಂಡಾದರೂ ಕೊಡಿಸುತ್ತೇನೆ ಎಂದಳು.

ಹೊರಡುವ ದಿನ ಬಸ್ಸು ಹತ್ತಿದವಳು ಇಳಿದು ವಾಪಸ್ ಬಂದಳು. ಅವನು ಮಕ್ಕಳ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ.

"ಇರು ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ ನಿಮಗೆ?"

"ಹೇಳಿದ್ರೆ ಉಳಿದುಬಿಡ್ತೀರೇನೋ ಅಂತ ಭಯ ಆಯ್ತು. ನಿರ್ಧಾರ ನಿಮ್ಮದೇ ಆಗಲಿ ಅಂತ ಕಾದೆ."

"ನಾನೇನು ಹಾಲುಹಲ್ಲಿನ ಮಗುನಾ? ದೊಡ್ಡವರಿಗೆ ಬಾಯಿಬಿಟ್ಟು ಹೇಳಬೇಕು ಕಣ್ರೀ. ನೀವಂದ್ರೆ ನನಗಿಷ್ಟ. ನೋಡಿ, ಹೇಳಿದೆ."

ಅವನ ಕೈಲಿದ್ದ ಕುರ್ಚಿ ಮೆಲ್ಲಗೆ ಕೆಳಗಿಳಿಯಿತು.

"ನನಗೂ... ನೀವು ಬೈದ ದಿನದಿಂದಲೇ. ಈ ಮಕ್ಕಳನ್ನ ನಡುವೆ ಬಿಟ್ಟು ಬರೋಕಾಗಲ್ಲ. ಶಾಲೆ ವರ್ಷ ಮುಗಿದ ಮಾರನೇ ದಿನವೇ ಹೊರಡ್ತೀನಿ." ಗಡ್ಡ ಕೆರೆದುಕೊಂಡ. "ನಿಮ್ಮಲ್ಲಿ ಗಂಡಸರನ್ನ ಶಿಶುವಿಹಾರಕ್ಕೆ ತಗೋತಾರಾ?"

"ತಗೊಳ್ಳಲ್ಲ."

"ಮತ್ತೆ?"

ಅವನ ತೋಳಿಗೆ ಮೆತ್ತಿದ್ದ ಹಳದಿ ಬಣ್ಣವನ್ನು ಉಗುರಿನಿಂದ ಕೆರೆಯುತ್ತಾ ಅವಳೆಂದಳು:

"ಬನ್ನಿ ಮೊದಲು. ತಗೊಳ್ಳೋವರೆಗೂ ಇಬ್ಬರೂ ಬಾಗಿಲಲ್ಲೇ ಕೂರೋಣ."